ಪ್ಲಾನಿನ ಯಾವ ಓಟವನ್ನು ತೆಗೆದು ಟ್ರೇಲ್ ಹಾಕಬೇಕು?

ಹಾಫ್ ಮ್ಯಾರಥಾನಿಗೆಂದು ತರಬೇತಿಯ ಪ್ಲಾನ್ ಹಿಡಿದು ಡಾಂಬರಿನ ಮೇಲೆ ಓಡುವವರಿಗೆ, ಮನೆ ಹಿಂದೆಯೇ ಸೊಪ್ಪಿನ ಬೆಟ್ಟ ಇದ್ದರೆ, ಒಂದಲ್ಲ ಒಂದು ದಿನ ಅತ್ತ ಕಾಲು ಎಳೆದೇ ಎಳೆಯುತ್ತದೆ. ಆಗ ಹೆಚ್ಚಿನವರು ಇದ್ದ ಪ್ಲಾನನ್ನು ಹಾಗೇ ಇಟ್ಟುಕೊಂಡು, ವಿಶ್ರಾಂತಿಯ ದಿನ ಬೆಟ್ಟ ಹತ್ತುತ್ತಾರೆ. ಕೆಲವೇ ವಾರಕ್ಕೆ ಮೀನಖಂಡ ಹಿಡಿದುಕೊಳ್ಳುತ್ತದೆ, ದೂರು ಬೆಟ್ಟದ ಮೇಲೆ. ಟ್ರೇಲ್ ಓಟವನ್ನು, ಅಂದರೆ ಡಾಂಬರು ಬಿಟ್ಟು ಬೆಟ್ಟ, ಕಾಡಿನ ಕಾಲುದಾರಿಯಲ್ಲಿ ಓಡುವುದನ್ನು, ಪ್ಲಾನಿನ ಮೇಲೆ ಹೇರಬಾರದು. ಪ್ಲಾನಿನಲ್ಲಿರುವ ಒಂದು ಓಟವನ್ನು ತೆಗೆದು ಅದರ ಜಾಗದಲ್ಲಿ ಕೂರಿಸಬೇಕು.

ಮಂಗಳವಾರ ಇಂಟರ್ವಲ್ (ನಡುನಡುವೆ ಸುಧಾರಿಸಿಕೊಂಡು ಜೋರು ಓಟ), ಗುರುವಾರ ಟೆಂಪೋ (ಒಂದೇ ಸಮನೆ ವೇಗದ ಓಟ), ಭಾನುವಾರ ಉದ್ದ ಓಟ, ಬುಧವಾರ ಮತ್ತು ಶುಕ್ರವಾರ ನಿಧಾನದ ಓಟ ಎಂದಿಟ್ಟುಕೊಳ್ಳಿ. ತೆಗೆಯಬೇಕಾದದ್ದು ಶುಕ್ರವಾರದ್ದು. ಬುಧವಾರ ಬೆಟ್ಟ ಇಳಿದರೆ ಮರುದಿನದ ಟೆಂಪೋ ಕೆಡುತ್ತದೆ. ಇಳಿಜಾರಿನಲ್ಲಿ ತೊಡೆಯ ಮುಂಭಾಗದ ಸ್ನಾಯು ಹಿಗ್ಗುತ್ತಲೇ ಬ್ರೇಕ್ ಹಾಕುವುದರಿಂದ, ನೋವು ಆ ಹೊತ್ತಿಗೆ ತಿಳಿಯದೆ ಒಂದರಿಂದ ಮೂರು ದಿನದೊಳಗೆ ಜೋರಾಗುತ್ತದೆ. ಇಂಟರ್ವಲ್ ಮತ್ತು ಟೆಂಪೋವನ್ನು ಮಾತ್ರ ರಸ್ತೆಯಿಂದ ಕದಲಿಸಬೇಡಿ. ಬೇರು, ಕಲ್ಲು ನೋಡಿಕೊಂಡು ಹೆಜ್ಜೆ ಇಡುವಲ್ಲಿ ವೇಗ ಹಿಡಿದಿಡಲು ಆಗುವುದಿಲ್ಲ.

ಲೆಕ್ಕ ನಿಮಿಷದಲ್ಲಿರಲಿ, ಕಿಲೋಮೀಟರಿನಲ್ಲಿ ಬೇಡ. ಕಿಲೋಮೀಟರಿಗೆ 6 ನಿಮಿಷ 30 ಸೆಕೆಂಡಿನಂತೆ 8 ಕಿ.ಮೀ. ಎಂದು ಪ್ಲಾನಿನಲ್ಲಿದ್ದರೆ ಅದು 52 ನಿಮಿಷ. ಬೆಟ್ಟದಲ್ಲೂ 52 ನಿಮಿಷ ಓಡಿ ಮನೆಗೆ ಬನ್ನಿ, ವಾಚು ಐದೂವರೆಯೋ ಆರೋ ಕಿ.ಮೀ. ತೋರಿಸಲಿ ಬಿಡಿ. ದಟ್ಟ ಮರದಡಿ ಜಿಪಿಎಸ್ ಹೇಗೂ ತಪ್ಪುತ್ತದೆ. ವಾರದ ಒಟ್ಟು ಲೆಕ್ಕ ಬೇಕೇ ಬೇಕೆಂದರೆ 100 ಮೀ. ಏರಿಗೆ 1 ಕಿ.ಮೀ. ಸೇರಿಸಿಕೊಳ್ಳಿ. ಪೂರ್ತಿ ವಾಕ್ಯ ಮಾತಾಡಲು ಆಗದಷ್ಟು ಏದುಸಿರು ಬಂದರೆ ತೊಡೆಗೆ ಕೈಕೊಟ್ಟು ನಡೆಯಿರಿ. ಏರು ನಡೆಯುವುದು ನಾಚಿಕೆಯ ವಿಷಯವಲ್ಲ.

ಮೊದಲ ಮೂರು ವಾರ ಮಾತ್ರ ಅಷ್ಟೂ ಬೇಡ, 30ರಿಂದ 40 ನಿಮಿಷ, ಒಟ್ಟು ಇಳಿಜಾರು 100 ಮೀ. ಒಳಗಿದ್ದರೆ ಸಾಕು. ಇಷ್ಟರಿಂದಲೇ ತೊಡೆ ಇಳಿಜಾರಿಗೆ ಒಗ್ಗುತ್ತದೆ, ಮುಂದಿನ ಸಲ ಅಷ್ಟು ನೋಯುವುದಿಲ್ಲ. ನಾಲ್ಕನೇ ವಾರದಿಂದ ಎರಡು ವಾರಕ್ಕೊಂದು ಭಾನುವಾರದ ಉದ್ದ ಓಟವನ್ನು ಬೆಟ್ಟಕ್ಕೆ ಒಯ್ಯಬಹುದು. ಆ ವಾರ ಶುಕ್ರವಾರದ್ದು ರಸ್ತೆಗೆ ಮರಳಬೇಕು, ಬೆಟ್ಟದ ಉದ್ದ ಓಟದ ಬೆನ್ನಿಗೆ ಬರುವ ವಾರ ಇಂಟರ್ವಲ್ ಮಂಗಳವಾರ ಬಿಟ್ಟು ಬುಧವಾರಕ್ಕೆ, ಟೆಂಪೋ ಶುಕ್ರವಾರಕ್ಕೆ ಹೋಗಬೇಕು. ಇಳಿಯುವಾಗ ಹಿಂದಕ್ಕೆ ವಾಲಿ ಹಿಮ್ಮಡಿ ಊರಿದರೆ ಕಾಲು ಜಾರುತ್ತದೆ, ಮೊಣಕಾಲಿಗೂ ಪೆಟ್ಟು. ಗಿಡ್ಡ ಹೆಜ್ಜೆ, ಚುರುಕು ಹೆಜ್ಜೆ, ಕಣ್ಣು ಮೂರ್ನಾಲ್ಕು ಮೀಟರ್ ಮುಂದೆ, ತೂಕ ಹಿಡಿಯಲು ಕೈ ಅಗಲ.

ಇನ್ನು ನಮ್ಮ ಉತ್ತರ ಕನ್ನಡದ ನೆಲದ ಮಾತು. ಶಿರಸಿ, ಸಿದ್ದಾಪುರದ ಬೆಟ್ಟಗಳಲ್ಲಿ ಮಳೆ ನಿಂತ ಮೇಲಿನ ಅಕ್ಟೋಬರ್, ನವೆಂಬರ್ ಬಹಳ ಒಳ್ಳೆಯದು. ಆಮೇಲೆ ದರಕು (ಒಣ ತರಗೆಲೆ) ಬಿದ್ದು ಬೇರು, ಗುಂಡಿ ಎಲ್ಲ ಮುಚ್ಚಿಹೋಗುತ್ತದೆ. ಪಾದ ಉಳುಕುವುದು ಹೆಚ್ಚಾಗಿ ಆಗಲೇ. ಮಳೆಗಾಲದಲ್ಲಿ ಪಾಚಿ ಕಟ್ಟಿದ ಜಂಬಿಟ್ಟಿಗೆ ಕಲ್ಲಿನ ಮೇಲೆ ಎಷ್ಟು ದುಬಾರಿ ಶೂಗೂ ಹಿಡಿತ ಸಿಗುವುದಿಲ್ಲ. ಅಲ್ಲಿ ನಡೆಯಬೇಕು. ಹಳ್ಳ ದಾಟಲು ಹಾಕಿದ ಅಡಿಕೆ ಮರದ ಸಂಕದ ಮೇಲಂತೂ ಬೇಸಿಗೆಯಲ್ಲೂ ಓಡಬೇಡಿ. ಶೂ ತಳದ ಹಲ್ಲು 4 ಮಿ.ಮೀ. ಇದ್ದರೆ ನಮ್ಮ ಗಟ್ಟಿ ನೆಲಕ್ಕೆ ಸಾಕು. 6 ಮಿ.ಮೀ. ಹಲ್ಲು ಕೆಸರಿಗೆ ಚೆನ್ನ, ಜಂಬಿಟ್ಟಿಗೆಯ ಮೇಲೆ ಕಾಲು ಓಲಾಡಿಸುತ್ತದೆ, ಬೇಗ ಸವೆಯುತ್ತದೆ. ವಾಟರ್‌ಪ್ರೂಫ್ ಶೂ ನಮ್ಮ ಮಳೆಗೆ ಹೇಳಿದ್ದಲ್ಲ: ಮೇಲಿಂದ ಹೊಕ್ಕ ನೀರು ಹೊರಗೆ ಹೋಗುವುದಿಲ್ಲ. ಹೆಬ್ಬೆರಳ ಮುಂದೆ ಒಂದು ಬೆರಳಗಲ ಜಾಗ ಬಿಡದಿದ್ದರೆ ಇಳಿಜಾರಿನಲ್ಲಿ ಉಗುರು ಕಪ್ಪಾಗುತ್ತದೆ.

ಕಾರವಾರದವರಿಗೆ ಟಾಗೋರ್ ಕಡಲತೀರ ಇದೆ. ಮರಳು ಮೆತ್ತಗೆ, ಆದ್ದರಿಂದ ಕಾಲಿಗೆ ಹಿತ ಎನ್ನುವುದು ಅರ್ಧ ಸತ್ಯ. ಪೆಟ್ಟು ಕಡಿಮೆ, ನಿಜ. ಆದರೆ ಒಣ ಮರಳಿನಲ್ಲಿ ಹಿಮ್ಮಡಿ ಹೂತುಹೋಗಿ ಮೀನಖಂಡಕ್ಕೂ ಹಿಮ್ಮಡಿಯ ಮೇಲಿನ ಸ್ನಾಯುರಜ್ಜಿಗೂ ಕೆಲಸ ವಿಪರೀತ. ಇಳಿತದ ಹೊತ್ತು ನೋಡಿ ಒದ್ದೆ ಗಟ್ಟಿ ಮರಳಿನಲ್ಲಿ ಓಡಿ. ಇಳಿತದ ಸಮಯ ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ. ದಂಡೆ ಒಂದು ಕಡೆಗೆ ವಾಲಿರುವುದರಿಂದ ಹೋದಷ್ಟೇ ದೂರ ಅದೇ ಪಟ್ಟೆಯಲ್ಲಿ ವಾಪಸು ಬಂದರೆ ಎರಡೂ ಕಾಲಿಗೆ ಭಾರ ಸಮ. ಮೊದಲ ಸಲ 20 ನಿಮಿಷ ಮೀರಬೇಡಿ. ಗೋಕರ್ಣದ ಕುಡ್ಲೆಯಿಂದ ಓಂ, ಅಲ್ಲಿಂದ ಹಾಫ್ ಮೂನ್ ಕಡೆಗಿನ ಗುಡ್ಡದ ದಾರಿಯಲ್ಲಿ ಏರು, ಇಳಿಜಾರು, ಮರಳು ಮೂರೂ ಸಿಗುತ್ತವೆ. ಸಮುದ್ರದ ಮಗ್ಗುಲಿನ ಇಕ್ಕಟ್ಟಿನಲ್ಲಿ ಮಾತ್ರ ನಡೆಯಿರಿ, ಮಳೆಗಾಲದಲ್ಲಿ ಅತ್ತ ಹೋಗಲೇಬೇಡಿ.

ಘಟ್ಟದ ಮೇಲೆ ಓಡುವವರು ಮಂಗನ ಕಾಯಿಲೆಯನ್ನು ಲಘುವಾಗಿ ತೆಗೆದುಕೊಳ್ಳಬಾರದು. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರಿನಲ್ಲಿ ಗುರುತಿಸಿದ ಈ ಜ್ವರ ಉಣುಗಿನಿಂದ ಬರುತ್ತದೆ. ಡಿಸೆಂಬರಿನಿಂದ ಮೇ ವರೆಗೆ ಅಪಾಯ ಹೆಚ್ಚು. ಉದ್ದ ಕಾಲ್ಚೀಲ, ಉಣುಗನ್ನು ದೂರವಿಡುವ ಡೇಪಾ ತೈಲ, ದರಕಿನ ಮೇಲೆ ಕೂರದಿರುವುದು, ಮನೆಗೆ ಬಂದ ಕೂಡಲೇ ಬಿಸಿನೀರಿನ ಸ್ನಾನ, ಬಟ್ಟೆ ಬಿಸಿನೀರಿಗೆ. ಮೊಣಕಾಲ ಹಿಂದೆ, ತೊಡೆಸಂದು, ಕಂಕುಳು ಬೆಳಕಿನಲ್ಲಿ ನೋಡಿಕೊಳ್ಳಿ, ಮರಿ ಉಣುಗು ಎಳ್ಳಿಗಿಂತ ಸಣ್ಣದು. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಆರೋಗ್ಯ ಕೇಂದ್ರಕ್ಕೆ ತಿಳಿಸಿ. ಕಾಡಿಗೆ ಹೋದ ಒಂದು ವಾರದೊಳಗೆ ಜೋರು ಜ್ವರ, ತಲೆನೋವು, ಮೈಕೈ ನೋವು ಬಂದರೆ ವೈದ್ಯರಿಗೆ ಕಾಡಿಗೆ ಹೋಗಿದ್ದನ್ನು ಮೊದಲು ಹೇಳಿ. ಉಂಬಳ (ಜಿಗಣೆ) ಕಚ್ಚಿದರೆ ರಕ್ತ ಹೋಗುತ್ತದೆ ಅಷ್ಟೇ.

ಕಾಳಿ ಹುಲಿ ಸಂರಕ್ಷಿತ ಪ್ರದೇಶದೊಳಗೆ ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಕಾಲಿಡಬೇಡಿ. ಊರ ಬೆಟ್ಟಕ್ಕೆ ಹೋದರೂ ಯಾವ ದಾರಿ, ಎಷ್ಟು ಹೊತ್ತಿಗೆ ವಾಪಸು ಎಂದು ಮನೆಯಲ್ಲಿ ಹೇಳಿ ಹೊರಡಿ, ದಾಟಿದ ದಣಪೆ (ಬೇಲಿಯ ಗೇಟು) ಮುಚ್ಚಿ.

ರೇಸ್ ರಸ್ತೆಯ ಮೇಲಾದರೆ ಮೂರು ವಾರ ಮೊದಲೇ ಉದ್ದ ಇಳಿಜಾರು ನಿಲ್ಲಿಸಿ. ಕೊನೆಯ ಎರಡು ವಾರ ಡಾಂಬರು ಮಾತ್ರ, ರೇಸಿಗೆ ಹಾಕುವ ಶೂನಲ್ಲಿಯೇ.