ಟ್ಯಾಲೆಂಟಾ, ರನ್ನಾ? ಮೊದಲು ಸೀಟು ಖಾಲಿ ಇದೆಯಾ ನೋಡಿ

ಇಪ್ಪತ್ತೊಂದು ವರ್ಷದಿಂದ ಶನಿವಾರ, ಭಾನುವಾರ ಕ್ರಿಕೆಟ್ ಲೀಗ್ ಪಂದ್ಯಗಳಿಗೆ ಸ್ಕೋರ್ ಬರೆಯುತ್ತಿದ್ದೇನೆ. ಆಡಿದವನಲ್ಲ, ಆಡಿಸಿದವನಲ್ಲ, ಬರೆದವನು. ಆದರೂ ಮದುವೆಯಿರಲಿ, ಗೃಹಪ್ರವೇಶವಿರಲಿ, ವೈಕುಂಠ ಸಮಾರಾಧನೆಯೇ ಇರಲಿ, ಎಲೆ ಮುಂದೆ ಕೂತ ತಕ್ಷಣ ಪಕ್ಕದವರು ಕೇಳುವುದು ಇದೊಂದೇ: "ಅಲ್ಲಾ ಸಾರ್, ಇಂಡಿಯಾ ಟೀಮಿಗೆ ತಗೊಳ್ಳೋದು ಟ್ಯಾಲೆಂಟ್ ನೋಡಿನಾ, ರಣಜಿಲಿ ಹೊಡೆದ ರನ್ ನೋಡಿನಾ?" ರಣಜಿ ಅಂದರೆ ರಾಜ್ಯ ತಂಡಗಳು ಆಡುವ ಟೂರ್ನಿ.

ಸಾರು ಬಡಿಸುವವನು ನಮ್ಮ ಎಲೆಗೆ ಬರುವಷ್ಟರಲ್ಲಿ ಉತ್ತರ ಮುಗಿಯಬೇಕು. ನಾನು ಬಾಯಿ ತೆರೆದರೆ, "ಅದೆಲ್ಲ ಬಿಡಿ, ಎಲ್ಲಾ ಇನ್‌ಫ್ಲೂಯೆನ್ಸ್" ಅಂತ ತಾವೇ ತೀರ್ಪು ಕೊಟ್ಟು ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತಾರೆ. ಹಾಗಿದ್ದರೆ ನನ್ನನ್ನು ಯಾಕೆ ಕೇಳಿದಿರಿ ಸ್ವಾಮಿ? ಇನ್ನು ಮುಂದೆ ಕೇಳಿದವರಿಗೆಲ್ಲ ಇದನ್ನೇ ಕಳಿಸುತ್ತೇನೆ. ಊಟ ಆರುವುದು ನನ್ನದು.

ಮೊದಲನೆಯದಾಗಿ ಆ "ಇದಾ, ಅದಾ" ಅನ್ನುವ ಧಾಟಿಯೇ ನನಗೆ ಆಗಿಬರುವುದಿಲ್ಲ. ಅಂಗಡಿಯಲ್ಲಿ ಒಂದು ಮೂಟೆ ಪ್ರತಿಭೆ, ಇನ್ನೊಂದು ಮೂಟೆ ರನ್ನು ಇಟ್ಟಿದ್ದಾರೆ, ಆಯ್ಕೆಗಾರರು ಯಾವುದನ್ನು ತೂಗಿಸಿಕೊಳ್ಳುತ್ತಾರೆ ಅಂತ ಕೇಳಿದ ಹಾಗಿದೆ. ನಮ್ಮ ಜಿ.ಆರ್. ವಿಶ್ವನಾಥ್ 1967ರಲ್ಲಿ ಮೈಸೂರು ತಂಡಕ್ಕೆ ಮೊದಲ ರಣಜಿ ಪಂದ್ಯ ಆಡಿ ಆಂಧ್ರದ ಮೇಲೆ 230 ಹೊಡೆದರು. ಅದನ್ನು ಯಾವ ಮೂಟೆಗೆ ಹಾಕುತ್ತೀರಿ? ಎರಡು ವರ್ಷದ ಮೇಲೆ ಕಾನ್ಪುರದಲ್ಲಿ ಮೊದಲ ಟೆಸ್ಟ್, ಎದುರಿಗೆ ಆಸ್ಟ್ರೇಲಿಯಾ. ಮೊದಲ ಇನಿಂಗ್ಸಿನಲ್ಲಿ ಸೊನ್ನೆ, ಎರಡನೆಯದರಲ್ಲಿ 137. ಪಂದ್ಯ ಒಂದೇ ಇನಿಂಗ್ಸಿಗೆ ಮುಗಿದುಹೋಗಿದ್ದರೆ ಪಂಕ್ತಿಯಲ್ಲಿ ಕೂತವರು ಏನನ್ನುತ್ತಿದ್ದರೋ ನನಗೆ ಗೊತ್ತು.

ಸ್ಕೋರ್‌ಬುಕ್ಕಿನ ಗುಟ್ಟೊಂದು ಹೇಳುತ್ತೇನೆ. ಮುಂಗಾಲು ಚಾಚಿ, ತಲೆ ಚೆಂಡಿನ ಮೇಲಿಟ್ಟು ಕವರ್‌ಗೆ ಹೊಡೆದ ಡ್ರೈವಿಗೂ ನಾನು ಬರೆಯುವುದು 4. ಕಣ್ಣು ಮುಚ್ಚಿ ಬೀಸಿ, ಒಳಅಂಚಿಗೆ ತಾಗಿ, ಸ್ಟಂಪನ್ನು ಕೂದಲೆಳೆಯಲ್ಲಿ ತಪ್ಪಿಸಿಕೊಂಡು ಫೈನ್‌ಲೆಗ್ಗಿಗೆ ಓಡಿದ್ದಕ್ಕೂ 4. ಸ್ಲಿಪ್ಪಿನವನು ಕೈಬಿಟ್ಟ ಕ್ಯಾಚಿಗೆ ಪುಸ್ತಕದಲ್ಲಿ ಕಾಲಮ್ಮೇ ಇಲ್ಲ. ನಾನು ಮಾತ್ರ ಅಂಚಿನಲ್ಲಿ ಪೆನ್ಸಿಲಿನಿಂದ ಸಣ್ಣ 'ಬಿ' ಹಾಕಿಡುತ್ತೇನೆ. ಬಿಟ್ಟದ್ದು ಅಂತ. ಯಾರೂ ಕೇಳುವುದಿಲ್ಲ, ನನ್ನ ಸಮಾಧಾನಕ್ಕೆ. ಬುಕ್ಕು ನೋಡಿದವನಿಗೆ ಎಷ್ಟು ಅಂತ ಗೊತ್ತಾಗುತ್ತದೆ. ಹೇಗೆ ಅನ್ನುವುದು ಗೊತ್ತಾಗಬೇಕಾದರೆ ಬಿಸಿಲಲ್ಲಿ ಬಂದು ಕೂರಬೇಕು.

ಹೋದ ವರ್ಷ ಒಬ್ಬ ತಂದೆ ಹಾಗೇ ಬಂದರು. ಪಂದ್ಯ ಮುಗಿದು ನಾನು ಬೌಲಿಂಗ್ ಲೆಕ್ಕ ತಾಳೆ ನೋಡುತ್ತಿದ್ದೆ. ಕೈಯಲ್ಲಿ ಲ್ಯಾಮಿನೇಟ್ ಮಾಡಿಸಿದ ಹಾಳೆ, ಹಿಂದೆ ಕಿಟ್‌ಬ್ಯಾಗ್ ಹೊತ್ತ ಹದಿಮೂರು ವರ್ಷದ ಮಗ. ಹಾಳೆಯ ತುಂಬ ಮಗನ ರನ್ನು: ಯಾವ ಟೂರ್ನಿ, ಎಷ್ಟು ಬಾಲು, ಎಷ್ಟು ಫೋರು, ಕೆಳಗೆ ದಪ್ಪ ಅಕ್ಷರದಲ್ಲಿ ಸರಾಸರಿ. "ಸಾರ್, ಕೋಚು ಟ್ಯಾಲೆಂಟ್ ಇದೆ ಅಂತಾರೆ. ನಾನು ಸ್ಟ್ಯಾಟ್ಸೂ ಮೇಂಟೇನ್ ಮಾಡ್ತಿದ್ದೀನಿ. ಮುಂದಕ್ಕೆ ಯಾವುದು ಲೆಕ್ಕಕ್ಕೆ ಬರುತ್ತೆ ಹೇಳಿಬಿಡಿ, ಅದರ ಮೇಲೆ ಫೋಕಸ್ ಮಾಡೋಣ." ಆ ಹಾಳೆಯಲ್ಲಿದ್ದ ಒಂದು ಶತಕ ನಾನೇ ಬರೆದದ್ದು. ಅದರ ಅಂಚಿನಲ್ಲಿ ಮೂರು 'ಬಿ' ಇದ್ದವು. ಹೇಳಲಿಲ್ಲ.

ಅವರಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ. ಹಬ್ಬದ ಹಿಂದಿನ ದಿನ ಮೆಜೆಸ್ಟಿಕ್ಕಿನಲ್ಲಿ ಕೆಂಪು ಬಸ್ಸು ಹತ್ತಿದ್ದೀರಲ್ಲ? ಟಿಕೆಟ್ಟಿಗೆ ದುಡ್ಡಿದೆ, ನಿಲ್ಲಲು ತ್ರಾಣವೂ ಇದೆ, ಆದರೆ ಪ್ರತಿ ಸೀಟಿನ ಮೇಲೂ ಯಾರದೋ ಟವೆಲ್. ಇಂಡಿಯಾ ಟೀಮು ಆ ಬಸ್ಸು. ರಣಜಿ ರನ್ನು ನಿಮ್ಮನ್ನು ಬಸ್‌ಸ್ಟ್ಯಾಂಡಿನವರೆಗೆ ತರುತ್ತದೆ, ಪ್ರತಿಭೆ ನೂಕುನುಗ್ಗಲಲ್ಲಿ ಫುಟ್‌ಬೋರ್ಡಿಗೆ ಏರಿಸುತ್ತದೆ. ಕೂರಬೇಕಾದರೆ ಯಾರಾದರೂ ಎದ್ದೇಳಬೇಕು.

ಹರಿಯಾಣದ ರಾಜಿಂದರ್ ಗೋಯಲ್ ರಣಜಿಯಲ್ಲೇ 637 ವಿಕೆಟ್ ತೆಗೆದರು. ಆ ದಾಖಲೆ ಇವತ್ತಿಗೂ ಯಾರೂ ಮುಟ್ಟಿಲ್ಲ. ಒಂದೂ ಟೆಸ್ಟ್ ಆಡಲಿಲ್ಲ. ಮುಂಬೈಯ ಪದ್ಮಾಕರ್ ಶಿವಾಲ್ಕರ್ ಅವರದೂ ಅದೇ ಕತೆ. ಇಬ್ಬರೂ ಎಡಗೈ ಸ್ಪಿನ್ನರ್‌ಗಳು, ಆ ಸೀಟಿನಲ್ಲಿ ಕೂತಿದ್ದವರು ಬಿಷನ್ ಬೇಡಿ. 1974ರಲ್ಲಿ ನಮ್ಮ ಚಿನ್ನಸ್ವಾಮಿ ಮೈದಾನದ ಮೊದಲ ಟೆಸ್ಟಿಗೆ ಬೇಡಿಯನ್ನು ಶಿಸ್ತಿನ ನೆಪದಲ್ಲಿ ಹೊರಗಿಟ್ಟರು. ಗೋಯಲ್ ತಂಡದ ಜೊತೆ ಬೆಂಗಳೂರಿಗೂ ಬಂದರು. ಟವೆಲ್ ಎತ್ತಿದ್ದಾರೆ, ಸೀಟು ಬರಿದಾಗಿದೆ. ಆದರೂ ಹನ್ನೊಂದರಲ್ಲಿ ಹೆಸರಿಲ್ಲ. ಮುಂದಿನ ಟೆಸ್ಟಿಗೆ ಬೇಡಿ ವಾಪಸ್. ಇವರಿಗೆ ಟ್ಯಾಲೆಂಟ್ ಕಡಿಮೆಯಿತ್ತೇ, ವಿಕೆಟ್ ಕಡಿಮೆಯಿತ್ತೇ?

ನಮ್ಮ ಆರಂಭಿಕ ಬ್ಯಾಟರ್ ಮಯಾಂಕ್ ಅಗರ್ವಾಲ್ 2017ರ ನವೆಂಬರ್ ಒಂದೇ ತಿಂಗಳಲ್ಲಿ ರಣಜಿಯಲ್ಲಿ ಸಾವಿರ ರನ್ ದಾಟಿದ. ಕಾದದ್ದು ಹದಿಮೂರು ತಿಂಗಳು. ಕಡೆಗೆ ಟೆಸ್ಟ್ ಆಡಲು ಸಿಕ್ಕಿದ್ದು ಆರಂಭಿಕ ಪೃಥ್ವಿ ಶಾ ಕಾಲು ಉಳುಕಿಸಿಕೊಂಡಿದ್ದಕ್ಕೆ, ಮುರಳಿ ವಿಜಯ್ ಮತ್ತು ಕೆ.ಎಲ್. ರಾಹುಲ್ ಸಾಲಾಗಿ ಸೋತದ್ದಕ್ಕೆ. ಮೆಲ್ಬರ್ನಿನಲ್ಲಿ ಆಡಲು ಇಳಿದರೆ ಅಲ್ಲಿನ ವೀಕ್ಷಕ ವಿವರಣೆಗಾರ ಕೆರ್ರಿ ಓಕೀಫ್, ಇವನ ರಣಜಿ ತ್ರಿಶತಕ ರೈಲ್ವೇಸ್ ಕ್ಯಾಂಟೀನ್ ಸಿಬ್ಬಂದಿಯ ಮೇಲೆ ಹೊಡೆದದ್ದಿರಬೇಕು ಅಂತ ಗೇಲಿ ಮಾಡಿದ. ಹೊಡೆದದ್ದು ಪುಣೆಯಲ್ಲಿ, ಮಹಾರಾಷ್ಟ್ರದ ಮೇಲೆ. ಆ ದಿನ ಮಯಾಂಕ್ 76 ಮಾಡಿದ, ಓಕೀಫ್ ಆಮೇಲೆ ಕ್ಷಮೆ ಕೇಳಿದ. ನನಗೆ ಹೊಟ್ಟೆ ಉರಿದದ್ದು ಅವನ ಮೇಲಲ್ಲ. ಅದೇ ಮಾತನ್ನು ನಮ್ಮವರೇ ದಿನಾ ಆಡುತ್ತಾರೆ, ಕನ್ನಡದಲ್ಲಿ: "ರಣಜಿ ಬೌಲಿಂಗ್ ಏನು ಬಿಡಿ."

ಸರ್ಫರಾಜ್ ಖಾನ್ ಎರಡು ರಣಜಿ ಋತುಗಳಲ್ಲಿ 928, 982 ರನ್ ಹೊಡೆದು ಬಾಗಿಲು ಬಡಿದ. ಬಾಗಿಲು ತೆರೆದದ್ದು 2024ರ ಫೆಬ್ರವರಿಯಲ್ಲಿ, ಕೊಹ್ಲಿ ರಜೆಯಲ್ಲಿದ್ದಾಗ, ರಾಹುಲ್ ಗಾಯಗೊಂಡಿದ್ದಾಗ. ಅಕ್ಟೋಬರಿನಲ್ಲಿ ಬೆಂಗಳೂರಿನಲ್ಲಿ ನ್ಯೂಜಿಲೆಂಡಿನ ಮೇಲೆ 150 ಹೊಡೆದನಲ್ಲ, ಅವತ್ತೂ ಅವನು ಆಡಿದ್ದು ಶುಭಮನ್ ಗಿಲ್‌ಗೆ ಕತ್ತು ಹಿಡಿದುಕೊಂಡಿದ್ದರಿಂದ.

"ಹಾಗಾದರೆ ನೀವು ಆಯ್ಕೆಗಾರರ ಪರ" ಅನ್ನಬೇಡಿ. ಬೋರ್ಡಿನವರು ನನಗೆ ಕಾಫಿ ಕೊಡಿಸಿಲ್ಲ. ಐಪಿಎಲ್ಲಿನ ಎರಡು ತಿಂಗಳ ಬೆಳಕು ರಣಜಿಯ ನಾಲ್ಕು ದಿನದ ಬಿಸಿಲನ್ನು ನುಂಗಿಹಾಕುತ್ತಿದೆ ಅಂತ ನಾನೂ ಬೈಯುವವನೇ. ಆದರೆ ಬೈಯುವಾಗ ಸರಿಯಾದ ಕಡೆ ಬೈಯೋಣ.

ನೀವು ಕೇಳದ ಪ್ರಶ್ನೆ ಬೇರೆ ಇದೆ. ಸೀಟು ಸಿಕ್ಕವನನ್ನು ಎಷ್ಟು ದೂರ ಕೂರಿಸುತ್ತಾರೆ? ಇಳಿಸುವಾಗ ಯಾವ ಲೆಕ್ಕ ನೋಡುತ್ತಾರೆ?

ದಾವಣಗೆರೆಯ ವಿನಯ್ ಕುಮಾರ್‌ಗೆ ಪ್ರಥಮ ದರ್ಜೆಯಲ್ಲಿ, ಅಂದರೆ ರಣಜಿಯಂಥ ಹಲವು ದಿನದ ಪಂದ್ಯಗಳಲ್ಲಿ, 500ರ ಮೇಲೆ ವಿಕೆಟ್. ಸಿಕ್ಕಿದ್ದು ಪರ್ತ್‌ನ ಒಂದೇ ಟೆಸ್ಟ್, 2012ರಲ್ಲಿ. ಅವತ್ತು ಆಸ್ಟ್ರೇಲಿಯಾದ ವಾರ್ನರ್ 180 ಹೊಡೆದ. ಅಲ್ಲಿಗೆ ಮುಗಿಯಿತು.

ಕರುಣ್ ನಾಯರ್‌ನದಂತೂ ನಾನು ಬಾಯಿಪಾಠ ಹೇಳಬಲ್ಲೆ. 2016ರ ಡಿಸೆಂಬರ್, ಚೆನ್ನೈ, 303 ಔಟಾಗದೆ. ರಹಾನೆಗೆ ಗಾಯವಾಗಿದ್ದರಿಂದ ಸಿಕ್ಕ ಸೀಟು. ಹೈದರಾಬಾದಿನ ಮುಂದಿನ ಟೆಸ್ಟಿಗೆ ರಹಾನೆ ಬಂದ, ಕರುಣ್ ಎದ್ದ. ಒಂದು ಪಂದ್ಯ ಇನ್ನೊಬ್ಬನ ಎರಡು ವರ್ಷದ ದುಡಿಮೆಯನ್ನು ಮರೆಸಲಾರದು ಅಂದಿದ್ದ ಕ್ಯಾಪ್ಟನ್ ಕೊಹ್ಲಿ. ಆ ಮಾತು ತಪ್ಪು ಅಂತ ನನಗೆ ಇವತ್ತಿಗೂ ಅನ್ನಿಸಿಲ್ಲ, ಅದೇ ಸಂಕಟ. ಆಮೇಲೆ ಆಸ್ಟ್ರೇಲಿಯಾದ ಮೇಲೆ ನಾಲ್ಕು ಇನಿಂಗ್ಸ್: 26, 0, 23, 5. ಮುಗಿಯಿತು. ತ್ರಿಶತಕಕ್ಕೆ ಸಿಕ್ಕ ಸಾಲದ ಅವಧಿ ನಾಲ್ಕೇ ಇನಿಂಗ್ಸ್.

ಕರ್ನಾಟಕದಲ್ಲೂ ಜಾಗ ಹೋಗಿ ವಿದರ್ಭಕ್ಕೆ ಹೋದ. 2024-25ರ ವಿಜಯ್ ಹಜಾರೆಯಲ್ಲಿ, ಅದು ರಾಜ್ಯ ತಂಡಗಳ ಒಂದು ದಿನದ ಟೂರ್ನಿ, 779 ರನ್, ಐದು ಶತಕ. ಎಂಟು ಇನಿಂಗ್ಸಿನಲ್ಲಿ ಔಟಾದದ್ದು ಎರಡೇ ಸಲ, ಸರಾಸರಿ 389.5. ಚಾಂಪಿಯನ್ಸ್ ಟ್ರೋಫಿಗೆ ತಂಡ ಆರಿಸಿದಾಗ ಆಯ್ಕೆಗಾರ ಅಗರ್ಕರ್ ಕೊಂಡಾಡಿದರು, ಆದರೆ ಹದಿನೈದು ಜನರಲ್ಲಿ ಎಲ್ಲರನ್ನೂ ಕೂರಿಸಲಾಗದು ಅಂದರು. ನೋಡಿದಿರಾ, ಸೀಟೇ! 2025ರ ಮೇ ತಿಂಗಳಲ್ಲಿ ರೋಹಿತ್, ಕೊಹ್ಲಿ ಇಬ್ಬರೂ ಟೆಸ್ಟ್ ಬಿಟ್ಟರು. ಒಟ್ಟಿಗೆ ಎರಡು ಟವೆಲ್ ಎದ್ದವು. ಕರುಣ್ ಎಂಟು ವರ್ಷದ ಮೇಲೆ ಲೀಡ್ಸ್‌ನಲ್ಲಿ ಇಳಿದ, ಸೊನ್ನೆ. ನಾಲ್ಕು ಟೆಸ್ಟಿನಲ್ಲಿ 205, ಅರ್ಧಶತಕ ಒಂದೇ. ಮುಂದಿನ ಸರಣಿಗೆ ಹೆಸರಿಲ್ಲ. ಅವನನ್ನು ಕರೆಸಿದ್ದು ಎರಡು ವರ್ಷದ ದೇಶೀಯ ರನ್ನು, ಇಳಿಸಿದ್ದು ಎಂಟು ಇನಿಂಗ್ಸು. ಹತ್ತುವಾಗ ಒಂದು ತಕ್ಕಡಿ, ಇಳಿಸುವಾಗ ಇನ್ನೊಂದು. ಇದನ್ನು ಯಾರಾದರೂ ಕೇಳಿದರೆ ನಾನು ಹೋಳಿಗೆ ಬಿಟ್ಟು ಮಾತಾಡುತ್ತೇನೆ.

ಅಷ್ಟನ್ನೂ ಆ ತಂದೆಗೆ ಹೇಳಿದೆ. ಅವರು ತಲೆದೂಗಿ, ಹಾಳೆಯನ್ನು ಬೆರಳಿನಿಂದ ಒರೆಸಿ, "ಅಂದ್ರೆ ಸಾರ್, ಸ್ಟ್ಯಾಟ್ಸ್ ಬಿಡಬಾರದು ಅಂತೀರಿ" ಅಂದರು. ಕಾರು ತರುತ್ತೇನೆ ಅಂತ ಹೊರಟರು.

ಹುಡುಗ ಕಿಟ್‌ಬ್ಯಾಗಿನ ಪಟ್ಟಿ ತಿರುಚುತ್ತ ಅಲ್ಲೇ ನಿಂತ.

"ಅಂಕಲ್, ಹೋದ ವಾರ 49ಕ್ಕೆ ಔಟಾದ್ನಲ್ಲ, ಅದಕ್ಕೆ ಮುಂಚೆ ಫೈನ್‌ಲೆಗ್ಗಿಗೆ ಒಂದು ಓಡಿದ್ವಿ. ಅದನ್ನ ಲೆಗ್‌ಬೈ ಬರೆದ್ರಾ?"

"ಅಂಪೈರು ಕಾಲು ತಟ್ಟಿದ್ರು ಮರಿ. ನಾನು ಕೈ ಎತ್ತಿದೆ, ಬರೆದೆ."

"ಬ್ಯಾಟಿಗೆ ಬಡಿದಿತ್ತು."

"ನನಗೂ ಹಾಗೇ ಕೇಳಿಸ್ತು."

ಹಿಂದಿನ ವಾರದ ಪುಟ ತೆಗೆದು ತೋರಿಸಿದೆ. ಅಂಚಿನಲ್ಲಿ ಪೆನ್ಸಿಲಿನಿಂದ ಸಣ್ಣದಾಗಿ 'ಬ್ಯಾಟ್?' ಅಂತ ಹಾಕಿದ್ದೆ. ಬಗ್ಗಿ ನೋಡಿದ, ಮುಖ ಅರಳಿತು. ಗೇಟಿನ ಕಡೆ ಒಮ್ಮೆ ತಿರುಗಿ, ದನಿ ತಗ್ಗಿಸಿದ.

"ಅಪ್ಪಂಗೆ ತೋರಿಸ್ಬೇಡಿ ಅಂಕಲ್. ಶೀಟಲ್ಲಿ ಆಗಲೇ 50 ಅಂತ ಹಾಕ್ಬಿಟ್ಟಿದ್ದಾರೆ."