ಸಾವ್ತಾನ ಅಡುಗೆಮನೆಯಲ್ಲಿ ನನ್ನ ಸತ್ಯವೇದ

ಇಸ್ರೇಲಿಗೆ ಬಂದು ಹತ್ತು ಹನ್ನೆರಡು ದಿನ ಆಗಿರ್ಬೇಕು, ಭಾಷೆ ಒಂದಕ್ಷರ ಬರ್ತಿರಲಿಲ್ಲ, ನಾನು ನೋಡ್ಕೊಳ್ಳೋ ಅಜ್ಜಿ ಬೆಳಿಗ್ಗೆ ನನ್ನ ಕೈಗೆ ಚಿಲ್ಲರೆ ಇಟ್ಟು ಕೆಳಗಿನ ಅಂಗಡಿ ಕಡೆ ಬೆರಳು ತೋರಿಸಿ "ಲೆಹೆಮ್, ಲೆಹೆಮ್" ಅಂದ್ರು. ಹೋಗಿ ಅಂಗಡಿಯವನಿಗೆ ಅದೇ ಮಾತು ಹೇಳಿದೆ, ಬ್ರೆಡ್ ಕೊಟ್ಟ. ವಾಪಸ್ ಮೆಟ್ಟಿಲು ಹತ್ತುತ್ತಾ ಮರೀಬಾರ್ದು ಅಂತ ಲೆಹೆಮ್ ಲೆಹೆಮ್ ಅಂತ ಉರು ಹೊಡೀತಾ ಇದ್ದೆ, ಎರಡನೇ ಮಹಡಿ ಹತ್ರ ಕಾಲು ನಿಂತೇಹೋಯ್ತು. ಬೇತ್ಲೆಹೇಮ್! ಬೇತ್ ಅಂದ್ರೆ ಮನೆ ಅಂತ ಗೊತ್ತಿತ್ತು, ಬೇತೇಲ್ ಅಂದ್ರೆ ದೇವರ ಮನೆ ಅಂತ ಸಂಡೇ ಸ್ಕೂಲಲ್ಲಿ ಹೇಳಿಕೊಟ್ಟಿದ್ರಲ್ಲ. ಹಾಗಾದ್ರೆ ಬೇತ್ಲೆಹೇಮ್ ಅಂದ್ರೆ ರೊಟ್ಟಿಯ ಮನೆ. ಹುಟ್ಟಿದಾಗಿನಿಂದ ಪ್ರತಿ ಕ್ರಿಸ್ಮಸ್‌ಗೂ ಹಾಡಿದ ಊರಿನ ಹೆಸರಲ್ಲಿ ಅರ್ಧ, ಪ್ಲಾಸ್ಟಿಕ್ ಕವರಲ್ಲಿ ಬಿಸಿಬಿಸಿಯಾಗಿ ನನ್ನ ಕೈಯಲ್ಲೇ ಇತ್ತು.

ನಮ್ಮದು ಗದಗ-ಬೆಟಗೇರಿ. ಬಾಸೆಲ್ ಮಿಶನ್‌ನವರು 1834ರಲ್ಲಿ ಮಂಗಳೂರಲ್ಲಿ ಇಳಿದು ಆಮೇಲೆ ಧಾರವಾಡ, ಹುಬ್ಬಳ್ಳಿ, ಬೆಟಗೇರಿ ತನಕ ಬಂದ್ರಲ್ಲ, ಆ ಕ್ರೈಸ್ತ ಸಭೆಯ ಮನೆತನ. ಮಂಗಳೂರಲ್ಲಿ ನರ್ಸಿಂಗ್ ಓದಿದೆ, ಅಲ್ಲಿನ ಗೆಳತಿಯರು ಒಬ್ಬೊಬ್ಬರೇ ಕೇರ್‌ಗಿವರ್ ಕೆಲಸಕ್ಕೆ ಇಸ್ರೇಲಿಗೆ ಹೊರಟ್ರು, ಅವರ ಹಿಂದೆ ನಾನೂ ಬಂದೆ. ಟೆಲ್ ಅವೀವ್ ಪಕ್ಕದ ಹೋಲೋನ್ ಅನ್ನೋ ಊರು, ಮೂರನೇ ಮಹಡಿ ಫ್ಲ್ಯಾಟ್. ಸಾವ್ತಾ ಅಂದ್ರೆ ಇಲ್ಲಿ ಅಜ್ಜಿ. ನಮ್ಮ ಸಾವ್ತಾಗೆ 88, ಚಿಕ್ಕವರಿದ್ದಾಗ ರೊಮೇನಿಯಾದಿಂದ ಬಂದವರು, ಕನ್ನಡಕ ಹಾಕ್ಕೊಂಡು ದಿನಾ ಸ್ವಲ್ಪ ತನಾಖ್ ಓದ್ತಾರೆ. ತನಾಖ್ ಅಂದ್ರೆ ನಾವು ಹಳೆ ಒಡಂಬಡಿಕೆ ಅನ್ನೋದೇ, ಪುಸ್ತಕಗಳ ಕ್ರಮ ಬೇರೆ ಅಷ್ಟೆ.

ಊರಿಂದ ಫೋನ್ ಮಾಡೋರೆಲ್ಲ "ಪವಿತ್ರ ಸ್ಥಳ ಎಲ್ಲಾ ನೋಡಿದೆಯಾ" ಅಂತ ಕೇಳ್ತಾರೆ. ನೋಡಿದೀನಿ, ಕಣ್ಣೀರೂ ಹಾಕಿದೀನಿ. ಆದರೆ ಬಾಯಿಪಾಠ ಮಾಡಿದ್ದ ಹೆಸರುಗಳಿಗೆ ಅರ್ಥ ಬಂದಿದ್ದು ಈ ಅಡುಗೆಮನೆಯಲ್ಲಿ, ಕ್ಲಿನಿಕ್ಕಿನ ಕ್ಯೂನಲ್ಲಿ, ಬಸ್‌ಸ್ಟಾಪಲ್ಲಿ. ಅದನ್ನೇ ಇವತ್ತು ಬರೀಬೇಕು ಅನ್ನಿಸ್ತು.

ವಿಮಾನ ಇಳಿಯೋ ಜಾಗದಿಂದಲೇ ಶುರು ನೋಡಿ. ಬೆನ್ ಗುರಿಯನ್ ಏರ್‌ಪೋರ್ಟ್ ಇರೋದು ಲೋದ್ ಅನ್ನೋ ಊರಿನ ಪಕ್ಕ. ಅದೇ ನಮ್ಮ ಸತ್ಯವೇದದಲ್ಲಿ, ಅಂದ್ರೆ ಕನ್ನಡ ಬೈಬಲಲ್ಲಿ, ಅಪೊಸ್ತಲರ ಕೃತ್ಯಗಳ 9ನೇ ಅಧ್ಯಾಯದ ಲುದ್ದ, ಎಂಟು ವರ್ಷದಿಂದ ಹಾಸಿಗೆ ಹಿಡಿದಿದ್ದ ಐನೇಯನನ್ನ ಯೇಸುವಿನ ಶಿಷ್ಯ ಪೇತ್ರ ಎಬ್ಬಿಸಿದ ಊರು. ಬಂದಾಗ ನನಗದು ಗೊತ್ತಿರಲಿಲ್ಲ, ಒಂದು ವರ್ಷ ಆದ್ಮೇಲೆ ಗೊತ್ತಾಯ್ತು. ಎಂಟು ವರ್ಷ ಹಾಸಿಗೆ ಅಂದ್ರೆ ಏನು ಅಂತ ಈ ಕೆಲಸದಲ್ಲಿರೋರಿಗೆ ಗೊತ್ತು, ಎರಡು ಗಂಟೆಗೊಮ್ಮೆ ಮಗ್ಗಲು ಬದಲಿಸದಿದ್ರೆ ಬೆನ್ನು ಹುಣ್ಣಾಗುತ್ತೆ, ಆ ಎಂಟು ವರ್ಷ ಅವನನ್ನ ಮಗ್ಗಲು ತಿರುಗಿಸಿದ ಕೈ ಯಾರದೋ ಇದ್ದೇ ಇರ್ಬೇಕಲ್ಲ ಅಂತ ಈಗ ಆ ವಚನ ಓದುವಾಗೆಲ್ಲ ಅನ್ಸುತ್ತೆ. ಅಲ್ಲಿಂದ ಪೇತ್ರನನ್ನ ಯೊಪ್ಪಕ್ಕೆ ಕರೆಸಿದ್ರು, ತಬಿಥಾ ಅನ್ನೋ ಶಿಷ್ಯೆ ತೀರಿಕೊಂಡಿದ್ದಾಳೆ ಅಂತ. ಯೊಪ್ಪ ಅಂದ್ರೆ ಯಾಫೋ, ನಮ್ಮ ಹೋಲೋನ್ ಪಕ್ಕದ್ದೇ. ಪ್ರವಾದಿ ಯೋನ ಹಡಗು ಹತ್ತಿದ್ದೂ ಅದೇ ಬಂದರಿನಿಂದ.

ಇನ್ನು ಹೆಸರುಗಳು. ಕುಪಾತ್ ಹೊಲಿಮ್ ಅಂತಾರೆ ಇಲ್ಲಿ, ನಮ್ಮ ಹೆಲ್ತ್ ಸೆಂಟರ್ ತರ, ಸಾವ್ತಾನ ಅಲ್ಲಿ ಕೂರಿಸ್ಕೊಂಡು ಕಾಯ್ತಾ ಇದ್ರೆ ಒಳಗಿಂದ ಒಂದೊಂದೇ ಹೆಸರು ಕೂಗ್ತಾರೆ: ಮೋಶೆ! ರಾಹೇಲ್! ಯಾಕೋವ್! ಹಾವಾ! ನಮ್ಮ ಸತ್ಯವೇದದ ಪುಟ ಮಗುಚಿದ ಹಾಗೇ ಇರುತ್ತೆ. ಇಂಗ್ಲಿಷ್ ಬೈಬಲ್ ಓದಿ ಬೆಳೆದ ಗೆಳತಿಗೆ ಇದು ತಿಳಿಯೋಕೆ ಟೈಮ್ ಹಿಡೀತು, ಯಾಕಂದ್ರೆ ಅವಳಿಗೆ ಮೋಶೆ ಅಂದ್ರೆ ಮೋಸೆಸ್, ಹವ್ವ ಅಂದ್ರೆ ಈವ್, ಯೆಶಾಯ ಅಂದ್ರೆ ಐಸಾಯಾ. ಇಂಗ್ಲಿಷಿಗೆ ಈ ಹೆಸರುಗಳು ಗ್ರೀಕ್, ಲ್ಯಾಟಿನ್ ದಾಟಿ ಬಂದವು, ನಮಗೆ ತರ್ಜುಮೆ ಮಾಡಿದವರು ಹಳೆ ಒಡಂಬಡಿಕೆಯ ಹೆಸರುಗಳನ್ನ ಹೀಬ್ರೂ ಉಚ್ಚಾರದ ಹತ್ತಿರಾನೇ ಇಟ್ರು. ಇಂಗ್ಲಿಷಲ್ಲಿ ಹಳೆ ಒಡಂಬಡಿಕೆಯ ಜೇಕಬ್ ಬೇರೆ, ಹೊಸ ಒಡಂಬಡಿಕೆಯ ಜೇಮ್ಸ್ ಬೇರೆ ಅನ್ನೋ ಹಾಗೆ ಕಾಣುತ್ತೆ, ನಮ್ಮಲ್ಲಿ ಇಬ್ಬರೂ ಯಾಕೋಬನೇ, ಮತ್ತೆ ಮೂಲದಲ್ಲೂ ಅದು ಒಂದೇ ಹೆಸರು. ಊರಲ್ಲಿನ ನಮ್ಮಜ್ಜಿಯ ಹಳೇ ಸತ್ಯವೇದದ ಮೇಲೆ ನನಗೆ ಅಭಿಮಾನ ಹೆಚ್ಚಾಗಿದ್ದು ಆ ಕ್ಯೂನಲ್ಲಿ ಕೂತಾಗ.

ಯೇಸು ಅನ್ನೋ ಹೆಸರೂ ಅಷ್ಟೆ. ಅದು ಯೆಹೋಶುವ ಅನ್ನೋದರ ಚಿಕ್ಕ ರೂಪ ಯೇಶೂವ, ಗ್ರೀಕ್ ಬಾಯಲ್ಲಿ ತಿರುಗಿ ನಮಗೆ ಯೇಸು ಆಯ್ತು. ಅರ್ಥ, ಯೆಹೋವನು ರಕ್ಷಿಸುತ್ತಾನೆ. ಮತ್ತಾಯ 1ರಲ್ಲಿ ದೇವದೂತ ಯೋಸೇಫನಿಗೆ ಯೇಸು ಅಂತ ಹೆಸರಿಡು, ಅವನೇ ತನ್ನ ಜನರನ್ನ ರಕ್ಷಿಸೋನು ಅಂತಾನಲ್ಲ, ಆ ಎರಡು ಮಾತಿಗೆ ಏನು ಸಂಬಂಧ ಅಂತ ನಾನು ಚಿಕ್ಕವಳಿದ್ದಾಗ ಕೇಳಿದ್ರೆ ಯಾರೂ ಹೇಳಿರಲಿಲ್ಲ. ಹೆಸರಲ್ಲೇ ಉತ್ತರ ಇತ್ತು.

ಕ್ರಿಸ್ತ ಅನ್ನೋ ಮಾತು ಅರ್ಥ ಆಗಿದ್ದು ಇನ್ನೂ ಹತ್ತಿರದಿಂದ. ಸಾವ್ತಾಗೆ ಮಂಡಿ ನೋವು, ರಾತ್ರಿ ಮಲಗೋ ಮುಂಚೆ ಮುಲಾಮು ಹಚ್ಚಿ ತಿಕ್ಕಬೇಕು. "ಮಿಶ್ಹಾ ತಾ" ಅಂತಾರೆ. ಮಿಶ್ಹಾ ಅಂದ್ರೆ ಮುಲಾಮು. ಟೂತ್‌ಪೇಸ್ಟಿಗೂ ಅದೇ ಮಾತು ಸೇರಿಸಿ ಮಿಶ್ಹಾತ್ ಶಿನಾಯಿಮ್ ಅಂತಾರೆ. ಒಂದಿನ ಹಚ್ಚುತ್ತಾ ಇದ್ದಾಗ ಮಿಶ್ಹಾಗೂ ಮಾಶಿಯಾಹ್‌ಗೂ, ಅಂದ್ರೆ ಮೆಸ್ಸೀಯನಿಗೂ, ಏನಾದ್ರೂ ನಂಟಿದೆಯಾ ಅಂತ ಕೇಳಿದೆ. ಒಂದೇ ಬೇರು ಅಂದ್ರು, ಹಚ್ಚೋದು, ಸವರೋದು. ರಾಜನ ತಲೆಗೆ, ಯಾಜಕನ ತಲೆಗೆ ಎಣ್ಣೆ ಹಚ್ಚಿ ದೇವರ ಕೆಲಸಕ್ಕೆ ನಿಲ್ಲಿಸ್ತಿದ್ರು, ಹಾಗೆ ಎಣ್ಣೆ ಹಚ್ಚಿಸಿಕೊಂಡವನು ಮಾಶಿಯಾಹ್. ಗ್ರೀಕಲ್ಲಿ ಅದನ್ನೇ ಕ್ರಿಸ್ತೋಸ್ ಅಂದ್ರು, ನಮ್ಮ ಸತ್ಯವೇದದಲ್ಲಿ ಅಭಿಷಿಕ್ತ. ಕ್ರಿಸ್ತ ಅನ್ನೋದು ಯೇಸುವಿನ ಮನೆತನದ ಹೆಸರೇನೋ ಅನ್ನೋ ಹಾಗೆ ನಾವು ಹೇಳ್ಕೊಂಡು ಬಂದಿದ್ವಿ, ಅದು ಪದವಿ. ಸಾವ್ತಾ ಪ್ರಕಾರ ಮಾಶಿಯಾಹ್ ಇನ್ನೂ ಬರಬೇಕು, ನನ್ನ ಪ್ರಕಾರ ಬಂದಾಗಿದೆ. ಆ ವಿಷಯ ಇಬ್ಬರಿಗೂ ಗೊತ್ತು, ವಾದ ಮಾಡಿಲ್ಲ, ಅವರ ಮಂಡಿ ಮೇಲೆ ನನ್ನ ಕೈ ಇತ್ತು, ಇಬ್ಬರೂ ಸ್ವಲ್ಪ ಹೊತ್ತು ಸುಮ್ಮನಿದ್ವಿ.

ಎಣ್ಣೆ ಅಂದಾಗ ಗೆತ್ಸೇಮನೆ ಹೇಳಲೇಬೇಕು. ಎಣ್ಣೆಗೆ ಇಲ್ಲಿ ಶೆಮೆನ್ ಅಂತಾರೆ, ನಮ್ಮ ಒಲೆ ಪಕ್ಕದ ಬಾಟಲಿ ಮೇಲೇ ಬರೆದಿರುತ್ತೆ. ಗಾತ್ ಅಂದ್ರೆ ಹಿಂಡೋ ಜಾಗ. ಗಾತ್ ಶೆಮಾನೀಮ್, ಗೆತ್ಸೇಮನೆ, ಒಂದೇ ಮಾತಲ್ಲಿ ನಮ್ಮ ಗಾಣ. ಬೆಟಗೇರಿಯಲ್ಲಿ ಕುಸುಬಿ ಗಾಣದ ಮುಂದೆ ಹಾದು ಸ್ಕೂಲಿಗೆ ಹೋಗ್ತಿದ್ದವಳು ನಾನು, ಹಿಂಡಿಯ ವಾಸನೆ ಈಗಲೂ ಮೂಗಲ್ಲಿದೆ. ಒಂದು ಶನಿವಾರ ರಜಾ ಸಿಕ್ಕಾಗ, ಶಬ್ಬಾತ್ ದಿನ ಬಸ್ ಇರಲ್ಲ, ಶೇರುತ್ ಅನ್ನೋ ಶೇರ್ ಟ್ಯಾಕ್ಸಿಯಲ್ಲಿ ಯೆರೂಸಲೇಮಿಗೆ ಹೋದ್ವಿ. ಎಣ್ಣೆಮರಗಳ ಗುಡ್ಡದ ಬುಡದಲ್ಲಿ ಬೇಲಿಯೊಳಗೆ ಎಂಟು ಹಳೇ ಆಲಿವ್ ಮರ, ಕಾಂಡ ಹುಣಸೆ ಮರದ ಹಾಗೆ ತಿರುಚಿಕೊಂಡು ಪೊಟರೆಯಾಗಿ, ಪಕ್ಕದಲ್ಲೇ 1924ರಲ್ಲಿ ಕಟ್ಟಿ ಮುಗಿಸಿದ ದೇವಾಲಯ. ಆ ಕಾಲದಲ್ಲಿ ಕಾಯಿಯನ್ನ ಮೊದಲು ಕಲ್ಲಲ್ಲಿ ಜಜ್ಜಿ, ಆಮೇಲೆ ಬುಟ್ಟಿಗೆ ತುಂಬಿ ಭಾರ ಹೇರಿ ಹಿಂಡ್ತಿದ್ರು. ನಾವು ಯೇಸುವಿನ ಬಗ್ಗೆ ಅಂತಲೇ ಓದೋ ಯೆಶಾಯ 53ರಲ್ಲಿ ಜಜ್ಜಲ್ಪಟ್ಟನು ಅಂತ ಬರುತ್ತಲ್ಲ. ಗಾಣ ಇದ್ದ ತೋಟದಲ್ಲೇ, ಶಿಲುಬೆಗೆ ಹಾಕೋ ಹಿಂದಿನ ರಾತ್ರಿ, ಯೇಸು ಬೋರಲು ಬಿದ್ದು ಪ್ರಾರ್ಥನೆ ಮಾಡಿದ್ದು. ಹೆಸರಿನ ಅರ್ಥ ಗೊತ್ತಿಲ್ಲದೇ ಹೋಗಿದ್ದಿದ್ರೆ ನಾನು ಮರದ ಫೋಟೋ ತೆಕ್ಕೊಂಡು ಬಂದುಬಿಡ್ತಿದ್ದೆ.

ದಾರೀಲಿ ಗಾಯಗೊಂಡು ಬಿದ್ದವನನ್ನ ಉಪಚರಿಸಿದ ಒಳ್ಳೇ ಸಮಾರ್ಯದವನ ಬಗ್ಗೆ ಯೇಸು ಹೇಳಿದ ಕಥೆ ನಮ್ಮಲ್ಲಿ ಎಲ್ರಿಗೂ ಗೊತ್ತು. ಸಮಾರ್ಯದವರು ಈಗಲೂ ಇದಾರೆ ಅಂತ ಎಷ್ಟು ಜನಕ್ಕೆ ಗೊತ್ತು? ಒಟ್ಟು ಒಂದು ಸಾವಿರದೊಳಗೆ, ಸುಮಾರು ಅರ್ಧ ಜನ ಗೆರಿಜ್ಜೀಮ್ ಬೆಟ್ಟದ ಮೇಲೆ, ಉಳಿದ ಅರ್ಧ ನಮ್ಮ ಹೋಲೋನ್‌ನಲ್ಲೇ. ಶನಿವಾರ ಉದ್ದ ನಿಲುವಂಗಿ ಹಾಕ್ಕೊಂಡು ನಡ್ಕೊಂಡು ಹೋಗೋರನ್ನ ನೋಡಿ ಯಾರಿವರು ಅಂತ ಸಾವ್ತಾನ ಕೇಳಿದಾಗ "ಶೋಮ್ರೋನೀಮ್" ಅಂದ್ರು, ಮೈ ಜುಮ್ ಅಂತು. ಅವರಿಗೆ ಮೋಶೆಯ ಐದು ಪುಸ್ತಕ ಮಾತ್ರ ಶಾಸ್ತ್ರ, ಲಿಪಿ ಬೇರೆ, ಪಸ್ಕ ಹಬ್ಬಕ್ಕೆ ಈಗಲೂ ಬೆಟ್ಟದ ಮೇಲೆ ಕುರಿ ಬಲಿ ಕೊಡ್ತಾರೆ. ಯೇಸುವಿನ ಕಾಲದಲ್ಲಿ ಯೆಹೂದ್ಯರಿಗೂ ಇವರಿಗೂ ಹೊಕ್ಕು ಬಳಕೆ ಇರಲಿಲ್ಲ. ನಾವು ಸಮಾರ್ಯದವನು ಅಂದ್ರೇನೇ ಒಳ್ಳೆಯವನು ಅಂದ್ಕೊಂಡಿದೀವಿ, ಕಥೆ ಕೇಳ್ತಾ ಕೂತಿದ್ದವರಿಗೆ ಅದು ಕಿವಿಗೆ ಚುಚ್ಚೋ ಹೆಸರು. ನಮ್ಮ ಕೇರಿಯಲ್ಲಿ ಕೂತು, ನಾವು ಯಾರ ಮನೆ ನೀರೂ ಕುಡಿಯಲ್ವೋ ಅವನೇ ಬಂದು ಗಾಯಕ್ಕೆ ಎಣ್ಣೆ ಹಾಕಿ ಕಟ್ಟಿದ ಅಂತ ಹೇಳಿದ್ರೆ ಹೇಗಿರುತ್ತೋ ಹಾಗೆ.

2025ರ ಜೂನ್‌ನಲ್ಲಿ ಇರಾನಿನ ಕ್ಷಿಪಣಿ ಬರ್ತಿದ್ದ ರಾತ್ರಿಗಳು ನಿಮಗೂ ನೆನಪಿರುತ್ತೆ, ಅಮ್ಮ ಅಲ್ಲಿ ಟಿವಿ ಮುಂದೆ ಅಳ್ತಾ ಕೂತಿದ್ಲು. ಸೈರನ್ ಆದ ತಕ್ಷಣ ಸಾವ್ತಾನ ಎಬ್ಬಿಸಿ ಶಾಲು ಹೊದಿಸಿ ಕೆಳಗಿನ ಶೆಲ್ಟರಿಗೆ ಕರ್ಕೊಂಡು ಹೋಗ್ಬೇಕು. ಶೆಲ್ಟರ್ ಬಾಗಿಲ ಮೇಲೆ ದೊಡ್ಡದಾಗಿ ಮಿಕ್ಲಾತ್ ಅಂತ ಬರೆದಿದೆ. ಒಳಗೆ ಕೂತು ಗೋಡೆ ನೋಡ್ತಾ ಇದ್ದಾಗ ಸಾವ್ತಾ ಹೇಳಿದ್ರು, ಮೋಶೆಯ ಪುಸ್ತಕಗಳಲ್ಲೊಂದಾದ ಅರಣ್ಯಕಾಂಡದ ಆರು ಆಶ್ರಯ ನಗರಗಳಿಗೂ ಇದೇ ಮಾತು, "ಆರೇ ಮಿಕ್ಲಾತ್", ಆಶ್ರಯದ ಊರುಗಳು ಅಂತ. ಮೇಲೆ ಬಂದ ಮೇಲೆ ನನ್ನ ಸತ್ಯವೇದ ತೆಗೆದು 35ನೇ ಅಧ್ಯಾಯ ಓದಿದೆ. ಕೈ ತಪ್ಪಿ ಕೊಂದವನು ಓಡಿಹೋಗಿ ಬದುಕಿಕೊಳ್ಳೋ ಊರುಗಳು ಅವು, ಮತ್ತೆ ಅಲ್ಲೇ ಬರೆದಿದೆ, ಇಸ್ರಾಯೇಲ್ಯರಿಗೆ ಹೇಗೋ ಮಧ್ಯದಲ್ಲಿ ವಾಸ ಮಾಡೋ ಪರದೇಶಿಗೂ ಹಾಗೇ ಅಂತ. ಆ ಸಾಲಿನ ಕೆಳಗೆ ಪೆನ್ಸಿಲಲ್ಲಿ ಗೆರೆ ಹಾಕಿದೆ.

ಕೊನೆಗೆ ರೂತಳು. ಬೇತ್ಲೆಹೇಮಿನ ಕಥೆ ಅದು, ರೊಟ್ಟಿಯ ಮನೆಯಲ್ಲೇ ಬರ ಬಂದು ಜನ ಊರು ಬಿಟ್ಟು ಹೋಗೋದರಿಂದ ಶುರುವಾಗುತ್ತೆ. ಗಂಡ, ಇಬ್ಬರು ಮಕ್ಕಳನ್ನ ಕಳಕೊಂಡ ನೊವೊಮಿ ವಾಪಸ್ ಬಂದಾಗ ನನ್ನನ್ನ ನೊವೊಮಿ ಅನ್ಬೇಡಿ, ಮಾರಾ ಅನ್ನಿ ಅಂತಾಳೆ. ಇಲ್ಲಿ ಹೊಸಬರನ್ನ ಕಂಡ್ರೆ ನಈಮ್ ಮೆಓದ್ ಅಂತಾರೆ, ನಿಮ್ಮನ್ನ ಕಂಡು ಸಂತೋಷ ಅಂತ, ನೊವೊಮಿ ಹೆಸರಿನ ಬೇರು ಅದೇ. ಮಾರ್ ಅಂದ್ರೆ ಕಹಿ. ಸಾವ್ತಾ ಸಿರಪ್ ಕುಡಿಯೋವಾಗೆಲ್ಲ ಮುಖ ಕಿವುಚಿ "ಮಾರ್, ಮಾರ್" ಅಂತಾರಲ್ಲ, ಅದೇ. ಅಷ್ಟು ದುಃಖವನ್ನ ಆ ಹೆಂಗಸು ಎಷ್ಟು ಸಣ್ಣ ಮಾತಲ್ಲಿ ಹೇಳಿಬಿಟ್ಲು, ಬಾಯಲ್ಲಿ ಉಳಿದ ಔಷಧಿಯ ಹಾಗೆ. ಅವಳ ಜೊತೆ ಬಂದ ಸೊಸೆ ರೂತಳು ಮೋವಾಬಿನವಳು, ಪರದೇಶದವಳು, ವಯಸ್ಸಾದವಳನ್ನ ನೋಡ್ಕೊಳ್ಳೋಕೆ ಅಂತ ತನ್ನ ಊರು ಬಿಟ್ಟು ಬಂದವಳು. ನಮ್ಮ ಗೆಳತಿಯರಲ್ಲಿ ಈ ಪುಸ್ತಕ ಕಣ್ಣೀರಿಲ್ಲದೆ ಓದೋರು ಯಾರೂ ಇಲ್ಲ.

ಶಾವುಓತ್ ಹಬ್ಬಕ್ಕೆ ಇವರು ರೂತಳ ಪುಸ್ತಕ ಓದ್ತಾರೆ. ಪಸ್ಕ ಆಗಿ ಏಳು ವಾರಕ್ಕೆ ಬರೋ ಸುಗ್ಗಿ ಹಬ್ಬ, ನಮ್ಮ ಸತ್ಯವೇದದ ವಾರಗಳ ಹಬ್ಬ, ಆಮೇಲೆ ಪಂಚಾಶತ್ತಮ ದಿನ ಅಂದಿದ್ದೂ ಅದನ್ನೇ. ಹೋದ ಸಲ ಹಬ್ಬದ ಹಿಂದಿನ ಮಧ್ಯಾಹ್ನ, ಚೀಸ್‌ಕೇಕ್ ಒಲೆಯಲ್ಲಿತ್ತು, ಸಾವ್ತಾ ತಮ್ಮ ಪುಸ್ತಕ ತೆಗೆದ್ರು, ನಿನ್ನದೂ ತಾ ಅಂದ್ರು. ಅವರೊಂದು ವಚನ ಹೀಬ್ರೂನಲ್ಲಿ, ನಾನೊಂದು ಕನ್ನಡದಲ್ಲಿ. ಎರಡನೇ ಅಧ್ಯಾಯದಲ್ಲಿ ರೂತಳು ಹೊಲಕ್ಕೆ ಹೋಗಿ ಹಕ್ಕಲಾಯೋದು ಬರುತ್ತೆ. ಅವರು ನಿಲ್ಲಿಸಿ, ಇದಕ್ಕೆ ನಿಮ್ಮಲ್ಲಿ ಒಂದು ಮಾತಿದೆಯಾ ಅಂತ ಕೇಳಿದ್ರು. ಇದೆ, ಹಕ್ಕಲು ಅಂದೆ. ನಮ್ಮಜ್ಜಿ ಜೋಳದ ಸುಗ್ಗಿ ಮುಗಿದ ಮೇಲೆ "ಬಾರವ್ವ, ಹಕ್ಕಲಾ ಆರ್ಸಾಕ ಹೋಗೂಣು" ಅಂತ ಸೆರಗು ಸಿಗಿಸಿ ಹೊರಡ್ತಿದ್ಲು, ರಾಶಿ ಮಾಡಿದ ರೈತ ಬಿದ್ದ ತೆನೆ ಎತ್ತಿಕೊಳ್ಳದೆ ಬಿಡ್ತಿದ್ದ, ಬಡವರಿಗೆ ಇರಲಿ ಅಂತ. ಇದನ್ನ ನನ್ನ ಅರ್ಧಂಬರ್ಧ ಹೀಬ್ರೂನಲ್ಲಿ, ಕೈ ಸನ್ನೆಯಲ್ಲಿ, ಬಗ್ಗಿ ನೆಲದಿಂದ ಎತ್ತಿ ತೋರಿಸಿ ಹೇಳಿದೆ. "ಲೆಕೆತ್!" ಅಂದ್ರು, ಯಾಜಕಕಾಂಡ 19 ತೆಗೆದು ತೋರಿಸಿದ್ರು, ಹೊಲದ ಅಂಚಿನ ತನಕ ಕೊಯ್ಯಬೇಡ, ಬಿದ್ದದ್ದನ್ನ ಆರಿಸಬೇಡ, ಬಡವರಿಗೂ ಪರದೇಶಿಗೂ ಬಿಡು. ಆಮೇಲೆ ಹಕ್ಕಲು ಅನ್ನೋದನ್ನ ನನ್ನಿಂದ ಮೂರು ಸಲ ಹೇಳಿಸಿಕೊಂಡು, ಪೆನ್ಸಿಲ್ ಈಸ್ಕೊಂಡು, ನಡುಗೋ ಕೈಯಲ್ಲಿ ತಮ್ಮ ಪುಸ್ತಕದ ಅಂಚಿನಲ್ಲಿ ಹೀಬ್ರೂ ಅಕ್ಷರದಲ್ಲಿ ಬರ್ಕೊಂಡ್ರು. ನಾನು ನನ್ನದರಲ್ಲಿ ಲೆಕೆತ್ ಅಂತ ಕನ್ನಡದಲ್ಲಿ ಬರ್ಕೊಂಡೆ.