ಇನ್ನೂ ಬೆಳೆಯದ ಹೆಬ್ಬೇವಿನ ಜಮಾ

ಹೋದ ತಿಂಗಳು ಮಗಳು ಬೆಂಗಳೂರಿಂದ ದೆಹಲಿಗೆ ವಿಮಾನದ ಟಿಕೆಟ್ ತೆಗೆದಳು. ಕೊನೆಯಲ್ಲಿ 200 ರೂಪಾಯಿ ಜಾಸ್ತಿ ಕಟ್ಟಿದಳು. ಯಾಕೆ ಅಂತ ಕೇಳಿದರೆ, "ಕಾರ್ಬನ್ ಆಫ್‌ಸೆಟ್ ಅಮ್ಮ. ನನ್ನ ಪಾಲಿನ ಹೊಗೆಗೆ ಎಲ್ಲೋ ಗಿಡ ನೆಡ್ತಾರೆ" ಅಂದಳು. ನನಗೆ ನಗು ಬಂತು. ಅಂಥ ಒಂದು "ಎಲ್ಲೋ" ನಾನು ನೋಡಿದ್ದೆ. ಪಾಂಡವಪುರದ ಹತ್ತಿರ ನನ್ನ ತಮ್ಮನ ಗದ್ದೆ ಬದುವಿನ ಮೇಲಿದೆ.

ಮೂರು ವರ್ಷದ ಹಿಂದೆ ಒಬ್ಬ ಏಜೆಂಟ್ ಬೈಕಿನಲ್ಲಿ ಬಂದನಂತೆ. 60 ಹೆಬ್ಬೇವಿನ ಸಸಿ ಪುಕ್ಕಟೆ, ಜೊತೆಗೆ ವರ್ಷಾ ವರ್ಷಾ ಕಾರ್ಬನ್ ದುಡ್ಡು ಅಂದನಂತೆ. ತಮ್ಮ ಸಹಿ ಹಾಕಿದ. ಇಂಗ್ಲಿಷಿನ ಅಗ್ರಿಮೆಂಟು. ನಾನು ಅದನ್ನು ಓದಿದ್ದು ದೀಪಾವಳಿಗೆ ಊರಿಗೆ ಹೋದಾಗ. ಮರ ಹೀರುವ ಇಂಗಾಲದ ಹಕ್ಕು 30 ವರ್ಷ ಕಂಪನಿಯದ್ದು. ತಮ್ಮನ ಲೆಕ್ಕ ಬೇರೆ. ಏಳೆಂಟು ವರ್ಷಕ್ಕೆ ಕಡಿದು ಪ್ಲೈವುಡ್‌ಗೆ ಮಾರುವುದು. ಹೆಬ್ಬೇವು ಹಾಕುವುದೇ ಅದಕ್ಕೆ ಅಲ್ವಾ?

ನಾನು ಮೈಸೂರಿನ ಒಂದು ಬ್ಯಾಂಕಿನಲ್ಲಿ ಮೂವತ್ತು ವರ್ಷ ಲೆಡ್ಜರ್ ನೋಡಿದವಳು. ಸಂಜೆ ಒಂದು ರೂಪಾಯಿ ತಾಳೆಯಾಗದಿದ್ದರೂ ಮನೆಗೆ ಹೋಗುವಂತಿರಲಿಲ್ಲ. ಹಾಗಾಗಿ ಈ ವ್ಯಾಪಾರವನ್ನೂ ಅದೇ ಕಣ್ಣಲ್ಲಿ ನೋಡಿದೆ. ಕಂಪನಿ ಮಾರುವ ಒಂದು ಕಾರ್ಬನ್ ಕ್ರೆಡಿಟ್ ಅಂದರೆ ಗಾಳಿಯಿಂದ ಹೀರಿದ, ಇಲ್ಲವೇ ಗಾಳಿಗೆ ಸೇರದಂತೆ ತಡೆದ ಒಂದು ಟನ್ ಕಾರ್ಬನ್ ಡೈಆಕ್ಸೈಡ್. ನಮ್ಮ ಅಡುಗೆಮನೆಯ ಸಿಲಿಂಡರಿನಲ್ಲಿ 14.2 ಕೆ.ಜಿ. ಗ್ಯಾಸ್ ಇರುತ್ತದೆ. ಉರಿಯುವಾಗ ಗಾಳಿಯ ಆಮ್ಲಜನಕವೂ ಸೇರಿ ಸುಮಾರು 42 ಕೆ.ಜಿ. ಕಾರ್ಬನ್ ಡೈಆಕ್ಸೈಡ್ ಆಗುತ್ತದೆ. ಒಂದು ಟನ್ ಅಂದರೆ 24 ಸಿಲಿಂಡರ್, ನಮ್ಮಿಬ್ಬರ ಮೂರು ವರ್ಷದ ಅಡುಗೆ.

ವಿಮಾನದ ಹೊಗೆ ಎರಡೂವರೆ ಗಂಟೆಯಲ್ಲಿ ಖರ್ಚು ಬಿತ್ತು. ಮರದ ಜಮಾ ಬರುವುದು ಇನ್ನು ಇಪ್ಪತ್ತು ವರ್ಷಕ್ಕೆ, ಅದೂ ಬದುಕಿದರೆ. ಆದರೂ ಕೆಲವರು ಎರಡನ್ನೂ ಇವತ್ತಿನ ತಾರೀಕಿಗೆ ಬರೆದು ಸೊನ್ನೆ ತೋರಿಸುತ್ತಾರೆ. ನಮ್ಮ ಮ್ಯಾನೇಜರ್ ಆಗಿದ್ದರೆ ಅಂಥ ವೋಚರ್ ಮುಖಕ್ಕೆ ಎಸೆಯುತ್ತಿದ್ದರು. ಇನ್ನೊಂದು ನಿಯಮವೂ ಇದೆ. ಈ ದುಡ್ಡು ಬರದಿದ್ದರೂ ಇರುತ್ತಿದ್ದ ಮರವನ್ನು ಲೆಕ್ಕಕ್ಕೆ ಹಿಡಿಯುವಂತಿಲ್ಲ. ನಿಯಮ ಒಳ್ಳೆಯದೇ. ಅದನ್ನು ಊರಲ್ಲಿ ನಿಂತು ನೋಡುವವರು ಯಾರು?

ಊರಿನ ಹೊಗೆಯ ಲೆಕ್ಕ ಇನ್ನೂ ತಮಾಷೆ. ಮೈಸೂರಿನಿಂದ ಬಂದವರಿಗೆಲ್ಲ ಆಲೆಮನೆಯ ಕಪ್ಪು ಹೊಗೆ ಕಣ್ಣಿಗೆ ಬೀಳುತ್ತದೆ. ಕೊಪ್ಪರಿಗೆ ಕೆಳಗೆ ಉರಿಯುವುದು ಕಬ್ಬಿನ ಸಿಪ್ಪೆ. ಅದರ ಇಂಗಾಲ ಕಬ್ಬು ಗಾಳಿಯಿಂದಲೇ ಎಳೆದುಕೊಂಡದ್ದು, ಮುಂದಿನ ಕೂಳೆ ಬೆಳೆ ಮತ್ತೆ ಎಳೆದುಕೊಳ್ಳುತ್ತದೆ. ಕಣ್ಣುರಿ, ಕೆಮ್ಮು ಸುಳ್ಳಲ್ಲ. ಕೆಲವು ಕಡೆ ಹಳೇ ಟೈರ್ ಹಾಕಿ ಉರಿಸುತ್ತಾರೆ, ಅದು ಶುದ್ಧ ಪಾಪ. ಆದರೆ ಬರೀ ಸಿಪ್ಪೆಯಾದರೆ ಅದು ಕೈಸಾಲ ಇದ್ದ ಹಾಗೆ. ನೆಲದೊಳಗಿನ ಕಲ್ಲಿದ್ದಲು, ಪೆಟ್ರೋಲು ಸುಡುವುದು ತಾತನ ಕಾಲದ ಗಂಟು ಕರಗಿಸಿದ ಹಾಗೆ.

ಹಸಿರಾಗಿ ಕಾಣುವ ಭತ್ತದ ಗದ್ದೆ ಮಾತ್ರ ಮಹಾ ಕಳ್ಳ. ನೀರು ನಿಂತ ಕೆಸರಿಗೆ ಗಾಳಿ ಸಿಗದೆ ಒಳಗಿನ ಸೂಕ್ಷ್ಮಜೀವಿಗಳು ಮೀಥೇನ್ ಬಿಡುತ್ತವೆ. 100 ವರ್ಷದ ಲೆಕ್ಕದಲ್ಲಿ ಅದರ ಬಿಸಿ ಅಷ್ಟೇ ತೂಕದ ಕಾರ್ಬನ್ ಡೈಆಕ್ಸೈಡ್‌ಗಿಂತ ಸುಮಾರು 28 ಪಟ್ಟು. ನಡುನಡುವೆ ನೀರು ಇಂಗಿಸಿ ಮತ್ತೆ ಕಟ್ಟಿದರೆ ಅದು ಕಡಿಮೆಯಾಗುತ್ತದೆ. ಕೆ.ಆರ್.ಎಸ್. ತುಂಬದ ವರ್ಷ ವಿ.ಸಿ. (ವಿಶ್ವೇಶ್ವರಯ್ಯ) ನಾಲೆಗೆ ಕಟ್ಟು ಪದ್ಧತಿಯಲ್ಲಿ, ಅಂದರೆ ಕೆಲವು ದಿನ ಹರಿಸಿ ಕೆಲವು ದಿನ ನಿಲ್ಲಿಸಿ, ನೀರು ಬಿಟ್ಟಾಗ ತಮ್ಮ ಇಡೀ ದಿನ ಬೈಯುತ್ತಾನೆ. ಅವನು ಬೈದುಕೊಂಡೇ ಮೀಥೇನ್ ಕಮ್ಮಿ ಮಾಡಿದ್ದಾನೆ. ಅದಕ್ಕೆ ಯಾರೂ ಅವನಿಗೆ 200 ರೂಪಾಯಿ ಕಟ್ಟಿಲ್ಲ.

ಮೊನ್ನೆ ಊರಿಗೆ ಹೋದಾಗ ಬದುವಿನ ಮೇಲೆ ನಡೆದು ಎಣಿಸಿದೆ. ನಾಲೆಯಲ್ಲಿ ನೀರಿಲ್ಲದ ಬೇಸಿಗೆ ದಾಟಿ ಉಳಿದಿರುವುದು 23 ಗಿಡ. ಒಂದರ ತೊಗಟೆಯನ್ನು ಮೇಕೆ ಕೆರೆದು ತಿಂದಿತ್ತು. ಇನ್ನೊಂದಕ್ಕೆ ತಮ್ಮನ ಹೆಂಡತಿ ಬಟ್ಟೆ ಒಣಗಿಸುವ ತಂತಿ ಕಟ್ಟಿದ್ದಳು. ಇವತ್ತಿನವರೆಗೆ ಕಾರ್ಬನ್ ದುಡ್ಡು ಒಂದು ರೂಪಾಯಿ ಬಂದಿಲ್ಲ. ಏಜೆಂಟನ ಫೋನ್ ಸ್ವಿಚ್ ಆಫ್.

"37 ಹೋಯ್ತಲ್ಲೋ" ಅಂದೆ.

ತಮ್ಮ ಬಾವಿ ಹತ್ತಿರದ ಹೊಂಗೆ ಸಾಲು ನೋಡಿದ. ಅಪ್ಪ ನೆಟ್ಟದ್ದು, ನಾನಿನ್ನೂ ಸ್ಕೂಲಿಗೆ ಹೋಗುತ್ತಿದ್ದ ಕಾಲದಲ್ಲಿ.

"ಅಕ್ಕ, ಅವ್ರು ಎಣಿಸೋಕೆ ಬಂದ್ರೆ ಅವನ್ನೂ ಸೇರಿಸ್ಬುಡ್ಲಾ?"